2 ಕೆ.ಜಿ. ನಾಯಿಗೆ ಸ್ವೆಟರ್ ಹೆಣೆದದ್ದು

ನಮ್ಮ ಚಿಂಟು ಚಿವಾವಾ ಜಾತಿಯ ಗಂಡು ನಾಯಿ. ತೂಕ 2 ಕೆ.ಜಿ. ಆಸುಪಾಸು. ಇಷ್ಟು ಚಿಕ್ಕ ನಾಯಿಗಳಿಗೆ ಚಳಿ ಬೇಗ ಹತ್ತುತ್ತದೆ. ತೂಕಕ್ಕೆ ಹೋಲಿಸಿದರೆ ಅವುಗಳ ಮೈಯ ಹರವು ಜಾಸ್ತಿ, ಹಾಗಾಗಿ ಒಳಗಿನ ಬಿಸಿ ಬೇಗ ಹೊರಗೆ ಹೋಗಿಬಿಡುತ್ತದೆ. ಇವನ ಕೂದಲೂ ಗಿಡ್ಡ. ರೆಡಿಮೇಡ್‌ನಲ್ಲಿ ಎಲ್ಲಕ್ಕಿಂತ ಚಿಕ್ಕ ಸೈಜ್ ತಂದರೂ ಹೊಟ್ಟೆಯ ಕೆಳಗೆ ಜೋತಾಡುತ್ತಿತ್ತು. ಸರಿ, ನಾನೇ ಹೆಣೆಯೋಣ ಎಂದು ಕಡ್ಡಿ ಹಿಡಿದೆ.

ಮಕ್ಕಳ ಸ್ವೆಟರ್ ಹೆಣೆದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಮಗುವಿನ ತೋಳು ಪಕ್ಕದಲ್ಲಿರುತ್ತದೆ. ನಾಯಿಯ ಮುಂಗಾಲು ಎದೆಯ ಕೆಳಗೆ ಇರುತ್ತದೆ. ಅದಕ್ಕೇ ಕಾಲಿನ ತೂತುಗಳು ಹೊಟ್ಟೆಯ ಕಡೆಗೆ ಸರಿದಿರಬೇಕು. ನನ್ನನ್ನು ಕೇಳಿದರೆ ಚಿಕ್ಕ ನಾಯಿಯ ಸ್ವೆಟರಿನ ಕಷ್ಟವೆಲ್ಲ ಈ ಎರಡು ತೂತುಗಳಲ್ಲೇ ಇದೆ. ಉಳಿದದ್ದು ಸುಮ್ನೆ ಸುತ್ತಿಕೊಂಡು ಹೋಗುವ ಕೆಲಸ.

ಮೊದಲು ಅಳತೆ. ನಾಯಿ ನಾಲ್ಕೂ ಕಾಲಿನ ಮೇಲೆ ನಿಂತಿರಬೇಕು. ಕೂತಾಗ ಅಳೆದರೆ ಬೆನ್ನು ಬಾಗಿ ಲೆಕ್ಕ ತಪ್ಪುತ್ತದೆ. ಚಿಂಟುವಿನ ಕುತ್ತಿಗೆ 20 ಸೆಂ.ಮೀ., ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 30, ಕುತ್ತಿಗೆಯ ಬುಡದಿಂದ ಬಾಲದ ಬುಡದವರೆಗೆ 22. ಮುಂಗಾಲಿನ ಬುಡದ ಸುತ್ತಳತೆ 11. ಎಲ್ಲರೂ ಮರೆಯುವ ಅಳತೆ ಇನ್ನೆರಡಿವೆ. ಒಂದು, ಎರಡು ಮುಂಗಾಲುಗಳ ನಡುವಿನ ಅಗಲ. ಅವನದು 6 ಸೆಂ.ಮೀ. ಇನ್ನೊಂದು, ತಲೆಯ ಸುತ್ತಳತೆ. ಚಿವಾವಾದ ತಲೆ ಗುಂಡಗೆ, ಕುತ್ತಿಗೆಗಿಂತ ದಪ್ಪ. ಸ್ವೆಟರ್ ಅಲ್ಲಿಂದಲೇ ಇಳಿಯಬೇಕಲ್ವಾ?

ದಾರದ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಎಳೆ ಎದ್ದು ನಿಲ್ಲುವ ಮೊಹೇರ್ (ಆಡಿನ ಉಣ್ಣೆ) ದಾರ ಬೇಡವೇ ಬೇಡ. ನಾಯಿ ನೆಕ್ಕಿದಾಗ ಅದರ ಎಳೆ ಬಾಯಿಗೆ ಹೋಗುತ್ತದೆ. ಮಷೀನಿನಲ್ಲಿ ಒಗೆಯಬಹುದಾದ ಮೆರಿನೊ (ನಯವಾದ ಕುರಿ ಉಣ್ಣೆ) ಅಥವಾ ಮೆತ್ತನೆಯ ಅಕ್ರಿಲಿಕ್ ಸಾಕು. ನಾನು ಡಿಕೆ (ಡಬಲ್ ನಿಟಿಂಗ್, ಅಂದರೆ ಮಧ್ಯಮ) ದಪ್ಪದ ಮೆರಿನೊ ತೆಗೆದುಕೊಂಡೆ. 50 ಗ್ರಾಂನ ಒಂದೇ ಉಂಡೆಯಲ್ಲಿ ಮುಗಿಯಿತು. ಗುಂಡಿ, ಮಣಿ, ಕುಚ್ಚು ಏನೂ ಹಾಕಲಿಲ್ಲ. ಕಿತ್ತರೆ ನೇರ ಹೊಟ್ಟೆಗೇ. ಎರಡು ಬಣ್ಣದ ಚಿತ್ರ ಹೆಣೆದರೆ ಒಳಗಡೆ ದಾರ ಅಡ್ಡಡ್ಡ ಹಾಯ್ದಿರುತ್ತದೆ, ಅದಕ್ಕೆ ಉಗುರು ಸಿಕ್ಕಿಕೊಳ್ಳುತ್ತದೆ. ಬಣ್ಣ ಬೇಕೇ ಬೇಕು ಅನ್ನುವವರು ಪಟ್ಟೆ ಹಾಕಿ.

ಒಂದು ಚಿಕ್ಕ ಸ್ಯಾಂಪಲ್ ಹೆಣೆದು, ತೊಳೆದು, ಒಣಗಿಸಿ ಅಳೆದೆ. 4 ಮಿ.ಮೀ. ಕಡ್ಡಿಯಲ್ಲಿ 10 ಸೆಂ.ಮೀ.ಗೆ 22 ಸ್ಟಿಚ್, 30 ಸಾಲು ಬಂತು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. 22ರ ಬದಲು 20 ಬಂದರೆ ನಾನು ಎದೆಗೆ ಇಟ್ಟ 72 ಸ್ಟಿಚ್ 36 ಸೆಂ.ಮೀ. ಆಗುತ್ತದೆ. 30ರ ಎದೆಗೆ ಅದು ಚೀಲ.

ಕುತ್ತಿಗೆಯಿಂದ ಶುರು ಮಾಡಿ ಬಾಲದ ಕಡೆಗೆ ಹೆಣೆದೆ. ಹೀಗೆ ಮಾಡಿದರೆ ನಡುನಡುವೆ ನಾಯಿಗೆ ತೊಡಿಸಿ ನೋಡಬಹುದು. ಎರಡೂ ಕಡೆ ಮೊನೆ ಇರುವ ಐದು ಕಡ್ಡಿಗಳ ಸೆಟ್ ಬಳಸಿದೆ. 44 ಸ್ಟಿಚ್ ಹಾಕಿ, ಎರಡು ಸೀದಾ ಎರಡು ಉಲ್ಟಾ ರಿಬ್ (ಎಳೆದರೆ ಹಿಗ್ಗುವ ಗೆರೆಗೆರೆ ಹೆಣಿಗೆ) 4 ಸೆಂ.ಮೀ. ಮೊದಲ ಸಾಲಿನ ಸ್ಟಿಚ್ ಮಾತ್ರ 5 ಮಿ.ಮೀ. ಕಡ್ಡಿಯಲ್ಲಿ ಸಡಿಲವಾಗಿ ಹಾಕಿದೆ. ಆ ಅಂಚು ಬಿಗಿಯಾದರೆ ರಿಬ್ ಎಷ್ಟೇ ಎಳೆದರೂ ತಲೆ ದಾಟುವುದಿಲ್ಲ.

ಆಮೇಲೆ ಬರಿ ಸೀದಾ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ 4 ಸ್ಟಿಚ್ ಹೆಚ್ಚಿಸುತ್ತಾ 14 ಸುತ್ತು ಹೋದಾಗ 72 ಆಯಿತು. ಹೆಚ್ಚಿಸಿದ್ದು ಕಾಲು ಬರುವ ಎರಡು ಜಾಗಗಳ ಆಚೀಚೆ. ಇವನ ಎದೆ ಮುಂದಕ್ಕೆ ಉಬ್ಬಿದೆ, ಅಗಲ ಅಲ್ಲೇ ಬೇಕು.

ಈಗ ತೂತು. ಎದೆಯ ಪಟ್ಟಿಗೆ 14 ಸ್ಟಿಚ್ ಬಿಟ್ಟು, ಅದರ ಎರಡೂ ಪಕ್ಕ 4-4 ಸ್ಟಿಚ್ ಮುಚ್ಚಿದೆ. ಬೆನ್ನಿಗೆ 50 ಉಳಿಯಿತು. ಎದೆಯ 14ನ್ನು ಒಂದು ದೊಡ್ಡ ಸೇಫ್ಟಿ ಪಿನ್ನಿಗೆ ಏರಿಸಿಟ್ಟು, ಬೆನ್ನನ್ನು ಹೋಗಿ ಬಂದು 16 ಸಾಲು ಹೆಣೆದೆ. ಬೇರೆ ದಾರದಲ್ಲಿ ಎದೆಯ ಪಟ್ಟಿಯನ್ನೂ ಅಷ್ಟೇ ಸಾಲು. ನಂತರ ಮುಚ್ಚಿದ ಕಡೆ ಮತ್ತೆ 4-4 ಹೊಸ ಸ್ಟಿಚ್ ಹಾಕಿ, ಎಲ್ಲ ಸೇರಿಸಿ ಸುತ್ತಿಗೆ ಮರಳಿದೆ. ತೂತಿನ ಸುತ್ತಳತೆ 14 ಸೆಂ.ಮೀ. ದಾಟುತ್ತದೆ. 11ರ ಕಾಲಿಗೆ ಇದು ಜಾಸ್ತಿ ಅನ್ನಿಸಬಹುದು. ಆದರೆ ಅಂಚಿನಲ್ಲಿ 32 ಸ್ಟಿಚ್ ಎತ್ತಿಕೊಂಡು ಒಂದು ಸೀದಾ ಒಂದು ಉಲ್ಟಾ ರಿಬ್ ಹಾಕಿದಾಗ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ತೊಡಿಸುವಾಗ ಕಾಲು ಮಡಿಸಿ ತೂರಿಸಲು ಜಾಗವೂ ಬೇಕು. ಇಷ್ಟು ಸಣ್ಣ ಕಾಲನ್ನು ಬಲವಂತವಾಗಿ ಎಳೆಯುವ ಹಾಗಿಲ್ಲ.

ಎದೆಯ ಪಟ್ಟಿ ಅಗಲವಾದರೆ ಬಟ್ಟೆ ಕಾಲುಗಳ ನಡುವೆ ಮುದ್ದೆಯಾಗುತ್ತದೆ. ಕಿರಿದಾದರೆ ಅಂಚು ಕಂಕುಳಿಗೆ ಉಜ್ಜಿ, ಅಲ್ಲಿನ ಕೂದಲು ಗಂಟು ಕಟ್ಟುತ್ತದೆ, ಚರ್ಮ ಕೆಂಪಾಗುತ್ತದೆ. ತೊಡಿಸಿದ ಮೇಲೆ ನಾಯಿ ಎರಡು ಹೆಜ್ಜೆ ನಡೆಯಲಿ, ಗೊತ್ತಾಗುತ್ತದೆ.

ತೂತುಗಳಾದ ಮೇಲೆ 6 ಸೆಂ.ಮೀ. ಸುತ್ತು. ಅಲ್ಲಿಗೆ ಹೊಟ್ಟೆಯ ಕೆಳಗಿನ 24 ಸ್ಟಿಚ್ ಮುಚ್ಚಿಬಿಟ್ಟೆ. ಗಂಡು ನಾಯಿಗೆ ಇದು ಕಡ್ಡಾಯ. ಹೊಟ್ಟೆಯ ಭಾಗ ಬೆನ್ನಿನಷ್ಟೇ ಉದ್ದ ಬಿಟ್ಟರೆ ಕಾಲೆತ್ತಿದಾಗೆಲ್ಲ ಸ್ವೆಟರ್ ಒದ್ದೆ. ಬೆನ್ನಿನ ಭಾಗ ಮಾತ್ರ ಇನ್ನೂ 4 ಸೆಂ.ಮೀ. ಹೆಣೆದು, ಸುತ್ತಲೂ ಅಂಚಿಗೆ ಸ್ಟಿಚ್ ಎತ್ತಿ ಸಣ್ಣ ರಿಬ್ ಕೊಟ್ಟು, ದೊಡ್ಡ ಕಡ್ಡಿಯಲ್ಲಿ ಸಡಿಲವಾಗಿ ಮುಚ್ಚಿದೆ. ಹಾರ್ನೆಸ್ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ಸ್ವೆಟರಿನ ಒಳಗೆ ಹಾಕುವವರು ಬೆನ್ನಿನ ನಡುವೆ ಒಂದು ಗುಂಡಿಮನೆಯಷ್ಟು ಸೀಳು ಬಿಡಿ, ಬೆಲ್ಟ್ ಸಿಕ್ಕಿಸುವ ರಿಂಗ್ ಅದರಿಂದ ಹೊರಗೆ ಬರುತ್ತದೆ. ಚಿಂಟುವಿನ ಹಾರ್ನೆಸ್ ಸ್ವೆಟರಿನ ಮೇಲೇ ಕೂರುತ್ತದೆ, ನನಗೆ ಬೇಕಾಗಲಿಲ್ಲ.

ಮೊದಲ ಸಲ ತೊಡಿಸಿದಾಗ ಅವನು ಕಂಬದಂತೆ ನಿಂತುಬಿಟ್ಟ. ಹೊಸ ಬಟ್ಟೆಗೆ ಬಹಳ ನಾಯಿಗಳು ಹೀಗೇ ಮಾಡುತ್ತವೆ. ಸ್ವಲ್ಪ ಹೊತ್ತು ಹಾಕಿ ತೆಗೆಯುತ್ತಾ ರೂಢಿ ಮಾಡಿಸಿದೆ. ಕುತ್ತಿಗೆಯ ರಿಬ್ ಒಳಗೆ ಎರಡು ಬೆರಳು ಸಲೀಸಾಗಿ ಹೋದರೆ ಬಿಗಿಯಿಲ್ಲ ಎಂದರ್ಥ. ಏದುಸಿರು ಬಿಟ್ಟರೆ ಸೆಕೆಯಾಗಿದೆ, ತೆಗೆಯಬೇಕು. ಮನೆಯಲ್ಲಿ ಒಬ್ಬನೇ ಇರುವಾಗ ಹಾಕುವುದಿಲ್ಲ, ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸುವವರು ಬೇಕಲ್ಲ.

ಒಗೆದ ಮೇಲೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಮಟ್ಟಸವಾಗಿ ಹರಡಿ ಒಣಗಿಸುತ್ತೇನೆ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗಿ, 22 ಸೆಂ.ಮೀ. ನಾಯಿಯ ಸ್ವೆಟರ್ ಬಾಲವನ್ನೂ ಮುಚ್ಚುತ್ತದೆ.