ಕಾದಂಬರಿಯಿಂದ ಲಿನೋಕಟ್ ಆನಿಮೇಶನ್: ‘ಚೋಮನ ದುಡಿ’ಯ ಒಂದು ದೃಶ್ಯ

ಲಿನೋಕಟ್ ಎಂದರೆ ಲಿನೋಲಿಯಂ ತುಂಡನ್ನು (ಬ್ಲಾಕ್) ಕೆತ್ತಿ, ಶಾಯಿ ಹಚ್ಚಿ, ಕಾಗದಕ್ಕೆ ಅಚ್ಚು ತೆಗೆಯುವ ಕಲೆ. ಇಡೀ ಕಥೆಗೆ ಕೈ ಹಾಕಬೇಡಿ. ಚೋಮ ದುಡಿ ಬಾರಿಸುವ ಒಂದೇ ದೃಶ್ಯ ಸಾಕು. ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ 6 ಅಚ್ಚು ತೆಗೆದರೆ ಅರ್ಧ ಸೆಕೆಂಡಿನ ಒಂದು ಬಡಿತ, ಅದನ್ನೇ ಸುತ್ತಿಸಿ.

ಗುಡಿಸಲು, ಚೋಮನ ಮೈ ಒಂದು ಬ್ಲಾಕ್‌ನಲ್ಲಿ. ಏಳುವ-ಬೀಳುವ ಕೈಗೆ 6 ಸಣ್ಣ ಬ್ಲಾಕ್. ಅಚ್ಚು ತಿರುಗುಮುರುಗಾಗಿ ಬೀಳುತ್ತದೆ, ಆದ್ದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಇಳಿಸಿಕೊಳ್ಳಿ. ಒಲೆಯ ಬೆಂಕಿಗೆ ಬೇರೆ ಉಪಾಯವಿದೆ: ಒಂದೇ ಬ್ಲಾಕನ್ನು ಸ್ವಲ್ಪ ಕೆತ್ತಿ ಅಚ್ಚು ತೆಗೆಯಿರಿ, ಮತ್ತೆ ಕೆತ್ತಿ, ಮತ್ತೆ ತೆಗೆಯಿರಿ. ಕೆತ್ತಿದ್ದನ್ನು ತುಂಬಲಾಗದು, ಹಾಗಾಗಿ ಬೆಳಕು ಹೆಚ್ಚುತ್ತಲೇ ಹೋಗುತ್ತದೆ. ಬೆಂಕಿ ಆರಬೇಕೇ? ಚಿತ್ರಗಳನ್ನು ಹಿಂದುಮುಂದಾಗಿ ಓಡಿಸಿ.

ಹೆಚ್ಚಿನವರ ಕೆಲಸ ಕೆಡುವುದು ಜೋಡಣೆಯಲ್ಲಿ. ಒಂದು ಮಿಲಿಮೀಟರ್ ಸರಿದರೂ ಪರದೆಯ ಮೇಲೆ ಗುಡಿಸಲೇ ಕುಣಿಯುತ್ತದೆ. ದಪ್ಪ ರಟ್ಟಿಗೆ ಎಲ್ ಆಕಾರದ ಅಂಚು ಅಂಟಿಸಿ ಬ್ಲಾಕ್ ಅದಕ್ಕೆ ತಾಗಿಸಿಡಿ. ಹಾಳೆಗಳಿಗೆಲ್ಲ ಆಫೀಸಿನ ಪಂಚಿಂಗ್ ಯಂತ್ರದಿಂದ ತೂತು ಹೊಡೆದು, ರಟ್ಟಿಗೆ ನೆಟ್ಟ ಎರಡು ಗೂಟಕ್ಕೆ ಸಿಕ್ಕಿಸಿ. ಕಾಗದ ನುಣುಪಾಗಿರಲಿ, 100 ಜಿಎಸ್ಎಮ್ (ಚದರ ಮೀಟರಿಗೆ ಗ್ರಾಂ ತೂಕ) ಆಸುಪಾಸು.

ಶಾಯಿ ಒಮ್ಮೆ ದಪ್ಪ, ಒಮ್ಮೆ ತೆಳು ಆದರೆ ಕಪ್ಪು ಭಾಗ ಮಿನುಗುತ್ತದೆ. ಪ್ರತಿ ಸಲವೂ ರೋಲರನ್ನು ಅಷ್ಟೇ ಸುತ್ತು ಎಳೆಯಿರಿ. ಅತಿಯಾದರೆ ಸಣ್ಣ ಗೆರೆ ಮುಚ್ಚಿಹೋಗುತ್ತದೆ. ತುಸು ಮಿನುಗು ಇರಲಿ ಬಿಡಿ, ಅಚ್ಚಿನ ಜೀವವೇ ಅದು. ಎಣ್ಣೆ ಶಾಯಿ ಪೂರ್ತಿ ಒಣಗಿದ ಮೇಲೆಯೇ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ.

ಕಾದಂಬರಿ ಬರೆದ ಶಿವರಾಮ ಕಾರಂತರು ತೀರಿಕೊಂಡದ್ದು 1997ರಲ್ಲಿ, ಹಕ್ಕುಸ್ವಾಮ್ಯ 2057ರ ಕೊನೆಯವರೆಗೂ ಇದೆ. ಕಾದಂಬರಿಯ ಸಾಲುಗಳನ್ನು ಬಳಸಿ ಪ್ರದರ್ಶಿಸುವುದಾದರೆ ಮೊದಲೇ ಅನುಮತಿ ಕೇಳಿ.