ಏಳೂವರೆಗೆ ಕಾಪಿ: ಪಾಠ ಹೇಳುವವರು ಸುದ್ದಿ ಬರೆಯಲು ಕೂತಾಗ

‘ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ’ ಎಂದು ಬೋರ್ಡಿನ ಮೇಲೆ ಬರೆಯುವುದೇ ಬೇರೆ, ಸಂಜೆ ಏಳೂವರೆಯೊಳಗೆ ಪತ್ರಿಕೆಯ ಡೆಸ್ಕಿಗೆ, ಅಂದರೆ ಸುದ್ದಿ ತಿದ್ದಿ ಪುಟಕ್ಕೆ ಹಾಕುವವರಿಗೆ, ಕಾಪಿ (ಬರೆದ ಸುದ್ದಿ) ಮುಟ್ಟಿಸುವುದೇ ಬೇರೆ. ಪತ್ರಿಕೋದ್ಯಮದ ಪಾಠದ ಜತೆಗೆ ಮಳೆಗಾಲದ ಸುದ್ದಿ ಬರೆಯಲು ಶುರುಮಾಡಿದಾಗ ನಾನು ಮೊದಲು ಬಿಡಬೇಕಾಗಿ ಬಂದದ್ದು ಮೊದಲ ಸಾಲಿನಿಂದ ಬರೆಯುವ ಅಭ್ಯಾಸ. ಈಗ ನನ್ನ ಕಾಪಿ ಬಾಲದಿಂದ, ಅಂದರೆ ಕೊನೆಯ ಪ್ಯಾರಾಗಳಿಂದ, ಹುಟ್ಟುತ್ತದೆ.

ಕಾರಣ ಸರಳ. ಗಾಜನೂರಿನ ತುಂಗಾ ಜಲಾಶಯದಿಂದ ಎಷ್ಟು ನೀರು ಬಿಟ್ಟರು ಎಂಬ ಅಂಕಿ ಸಂಜೆಯವರೆಗೂ ಬದಲಾಗುತ್ತಲೇ ಇರುತ್ತದೆ. ಬದಲಾಗದ ಸಂಗತಿಗಳು ಬೆಳಿಗ್ಗೆಯೇ ಕೈಯಲ್ಲಿರುತ್ತವೆ: ಜಲಾಶಯದ ಪೂರ್ಣಮಟ್ಟ 588.24 ಮೀಟರ್, ನೀರು ಶಿವಮೊಗ್ಗ ನಗರ ದಾಟಿ ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತದೆ, ಮುಂದೆ ಹೊನ್ನಾಳಿ, ಹರಿಹರ. ಈ ಎರಡು ಮೂರು ಪ್ಯಾರಾ ಮಧ್ಯಾಹ್ನ ನಾಲ್ಕಕ್ಕೇ ಟೈಪ್ ಆಗಿರಬೇಕು. ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ×× ಎಂದು ಗುರುತು ಹಾಕುತ್ತೇನೆ. ಅಲ್ಲಿ ಅಂದಾಜಿನ ಸಂಖ್ಯೆ ಹಾಕಿಟ್ಟರೆ ಕೆಟ್ಟಿತು. ಎರಡು ಗಂಟೆ ಕಳೆದ ಮೇಲೆ ಅದು ನಿಜವಾದ ಅಂಕಿಯಂತೆಯೇ ಕಾಣುತ್ತದೆ. ಕಳಿಸುವ ಮೊದಲು ×× ಹುಡುಕಿದರೆ ಉಳಿದ ತೂತುಗಳೆಲ್ಲ ಸಿಗುತ್ತವೆ.

ಇನ್ನೂರೈವತ್ತು ಪದ ಟೈಪ್ ಮಾಡಲು ಇಪ್ಪತ್ತು ನಿಮಿಷ ಸಾಕು. ಸಮಯ ತಿನ್ನುವುದು ಫೋನು. ಜಲಾಶಯದ ಎಂಜಿನಿಯರಿಗೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು?’ ಅಲ್ಲ, ‘ಎಷ್ಟು ಗಂಟೆಯ ಲೆಕ್ಕ?’ ವಾಟ್ಸ್‌ಆ್ಯಪ್‌ನಲ್ಲಿ ತೇಲುವ ನೀರಿನ ಮಟ್ಟದ ಪಟ್ಟಿಗಳಲ್ಲಿ ನಿನ್ನೆಯದೂ ಇರುತ್ತದೆ. ಎರಡನೆಯದು, ಒಳಹರಿವೋ ಹೊರಹರಿವೋ. ಇವೆರಡು ಅದಲುಬದಲಾದರೆ ನದಿದಂಡೆಯ ಮನೆಗಳಲ್ಲಿ ಸುಮ್ಮನೆ ಗಾಬರಿ, ಇಲ್ಲವೇ ಸುಮ್ಮನೆ ನಿರಾಳ.

ಜಲಾಶಯಗಳ ಪೂರ್ಣಮಟ್ಟದ ವಿಷಯದಲ್ಲಿ ನಮ್ಮ ಭಾಗದ ಗೋಜಲೇ ಬೇರೆ. ಲಿಂಗನಮಕ್ಕಿಯ 1819 ಅಡಿ ಎಂದರೆ ಸಮುದ್ರಮಟ್ಟದಿಂದ ಎತ್ತರ, ಭದ್ರಾದ 186 ಅಡಿ ಹಾಗಲ್ಲ, ತುಂಗಾ ಮೀಟರಿನಲ್ಲಿ. ಮೂರನ್ನೂ ಒಂದೇ ಸಾಲಿನಲ್ಲಿ ಪೋಣಿಸಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಭರ್ತಿಗೆ ಇಷ್ಟು ಅಡಿ ಬಾಕಿ’ ಎಂದು ಕಳೆದು ಬರೆದರೆ ತಿಳಿಯುತ್ತದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಸುಮಾರು 11,574 ಕ್ಯುಸೆಕ್ ಒಂದು ಪೂರ್ತಿ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಈ ಒಂದು ಸಂಖ್ಯೆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿದ್ದರೆ ಅಸಂಬದ್ಧ ಅಂಕಿಗಳನ್ನು ಕಂಡಲ್ಲೇ ಹಿಡಿಯಬಹುದು. ಮಳೆಯ ಲೆಕ್ಕವೂ ಹಾಗೆಯೇ. ಬೆಳಿಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಯ ಅಳತೆ ಅದು. ಮಂಗಳವಾರ ಬಂದ ಅಂಕಿಯಲ್ಲಿ ಬಹುಪಾಲು ಸೋಮವಾರದ ಮಳೆ. ‘ಮಂಗಳವಾರ ಆಗುಂಬೆಯಲ್ಲಿ ಇಷ್ಟು ಮಿ.ಮೀ’ ಎಂದು ಬರೆದರೆ ತಪ್ಪು.

ಈಗ ಲೀಡ್, ಅಂದರೆ ಸುದ್ದಿಯ ಆರಂಭದ ಸಾಲು. ಇಂಗ್ಲಿಷಿನಿಂದ ಬಂದ ಪಠ್ಯಗಳು ಮುಖ್ಯ ಸಂಗತಿ ಮೊದಲು ಬರಲಿ ಎನ್ನುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಕೂರುತ್ತದೆ, ಆದದ್ದೇನು ಎಂಬುದು ವಾಕ್ಯ ಮುಗಿದಾಗಲೇ ಗೊತ್ತಾಗುವುದು. ಆರೂ ಪ್ರಶ್ನೆಗಳ ಉತ್ತರವನ್ನು ಒಂದೇ ವಾಕ್ಯಕ್ಕೆ ತುರುಕಿದರೆ ಹೀಗಾಗುತ್ತದೆ: ‘ಶಿವಮೊಗ್ಗ ತಾಲ್ಲೂಕಿನ ಗಾಜನೂರಿನಲ್ಲಿರುವ ತುಂಗಾ ಜಲಾಶಯದ ಜಲಾನಯನ ಪ್ರದೇಶಗಳಾದ ಶೃಂಗೇರಿ, ಕೊಪ್ಪ, ತೀರ್ಥಹಳ್ಳಿ ಭಾಗಗಳಲ್ಲಿ ಕಳೆದ ಮೂರು ದಿನಗಳಿಂದ ಧಾರಾಕಾರ ಮಳೆ ಸುರಿಯುತ್ತಿರುವ ಹಿನ್ನೆಲೆಯಲ್ಲಿ ಒಳಹರಿವು ಹೆಚ್ಚಾದ ಕಾರಣ ನದಿಗೆ ನೀರು ಬಿಡಲಾಗಿದೆ.’ ಸುದ್ದಿ ಕೊನೆಯ ಮೂರು ಪದಗಳಲ್ಲಿದೆ. ನಾನು ಆ ಮೂರು ಪದ ಇಟ್ಟುಕೊಂಡು ಮೇಲಿನಿಂದ ಕಡಿಯುತ್ತೇನೆ: ‘ತುಂಗಾ ಜಲಾಶಯದಿಂದ ನದಿಗೆ ×× ಕ್ಯುಸೆಕ್ ನೀರು ಬಿಡಲಾಗುತ್ತಿದೆ. ಶೃಂಗೇರಿ, ತೀರ್ಥಹಳ್ಳಿ ಭಾಗದಲ್ಲಿ ಮಳೆ ಬಿಟ್ಟಿಲ್ಲ.’ ಗಾಜನೂರು, ಕೊಪ್ಪ, ಮೂರು ದಿನ, ಎಲ್ಲ ಎರಡನೇ ಪ್ಯಾರಾಕ್ಕೆ. ಮೊದಲ ವಾಕ್ಯ ಹನ್ನೆರಡು ಪದ ದಾಟಿದರೆ ಎಲ್ಲೋ ಒಂದು ‘ಹಿನ್ನೆಲೆಯಲ್ಲಿ’ ಅಡಗಿರುತ್ತದೆ. ಅದನ್ನು ಕಿತ್ತರೆ ವಾಕ್ಯ ತಾನಾಗಿಯೇ ಎರಡಾಗುತ್ತದೆ. ಸಭೆಯ ವರದಿಯಲ್ಲಿ ಇದೇ ರೋಗದ ಹೆಸರು ‘ಉದ್ಘಾಟಿಸಿ ಮಾತನಾಡಿದ ಅವರು’.

ಜಾಹೀರಾತು ಬಂದರೆ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ, ಓದಿಕೊಂಡು ಕೂರುವ ಪುರುಸೊತ್ತು ಅವರಿಗಿಲ್ಲ. ಆದ್ದರಿಂದ ನದಿದಂಡೆಯವರಿಗೆ ಕೊಟ್ಟ ಎಚ್ಚರಿಕೆ ಎರಡನೇ ಪ್ಯಾರಾದಲ್ಲೇ ಇರಬೇಕು. ಕಾಳಜಿ ಕೇಂದ್ರದ ಮಾಹಿತಿ ಮೂರನೆಯದರಲ್ಲಿ. ಮೊದಲೇ ಬರೆದಿಟ್ಟ ಬಾಲ ಹೋದರೂ ಹೋಗಲಿ. ಯಾವ ಪ್ಯಾರಾವೂ ‘ಇದಲ್ಲದೆ’, ‘ಅದೇ ರೀತಿ’ ಎಂದು ಹಿಂದಿನದಕ್ಕೆ ಜೋತು ಬೀಳಬಾರದು.

ಊರ ಹೆಸರಿನ ಪಕ್ಕ ತಾಲ್ಲೂಕು ಕಡ್ಡಾಯ. ‘ನಗರದಲ್ಲಿ ಭಾರಿ ಮಳೆ’ ಎಂದರೆ ಹೊಸನಗರ ತಾಲ್ಲೂಕಿನವರಿಗೆ ಅದು ಬಿದನೂರು ನಗರ. ಬೆಂಗಳೂರಿನ ಡೆಸ್ಕಿಗೆ ಅದು ಶಿವಮೊಗ್ಗ ಪೇಟೆ. ಶೀರ್ಷಿಕೆ ತಪ್ಪಿದ ಮೇಲೆ ಯಾರನ್ನು ಬೈದು ಏನು ಫಲ.

ಫಾಂಟಿನ ಕಾಟ ಇನ್ನೂ ಇದೆ. ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊಬೈಲಿನಲ್ಲಿ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಮತ್ತೊಮ್ಮೆ ಕಣ್ಣಾಡಿಸಬೇಕು. ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆದರೆ ಆ ಹತ್ತು ನಿಮಿಷ ಉಳಿತಾಯ.

ಘಟ್ಟದ ಅಂಚಿನಲ್ಲಿ ಕರೆಂಟು ಹೋಗಿ, ಡೇಟಾ ಸತ್ತು, ಬರೀ ಮಾತಿನ ಸಿಗ್ನಲ್ ಒಂದು ಗೀಟು ಉಳಿದಾಗ ಕಾಪಿಯನ್ನು ಬಾಯಲ್ಲೇ ಹೇಳಿ ಬರೆಸಬೇಕಾಗುತ್ತದೆ. ಆಗ ಲೀಡ್ ಮತ್ತು ಎಚ್ಚರಿಕೆ ಮಾತ್ರ, ಉಳಿದದ್ದು ಆಮೇಲೆ. ಇಪ್ಪತ್ತು ಮತ್ತು ಎಪ್ಪತ್ತು ಗರಗರ ಎನ್ನುವ ಲೈನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಹಾಗಾಗಿ ‘ಎರಡು, ಸೊನ್ನೆ’, ‘ಏಳು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳಿ, ಆಚೆಯವರು ಬರೆದುಕೊಂಡದ್ದನ್ನು ತಿರುಗಿ ಓದುವವರೆಗೆ ಫೋನ್ ಇಡುವುದಿಲ್ಲ.