ಮೊಟ್ಟೆ ಮಗುವಿನ ಹೊಟ್ಟೆಗೆ ಹೋಯಿತಾ?

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕ. 2021ರ ಡಿಸೆಂಬರ್‌ನಲ್ಲಿ ನಮ್ಮ ಶಾಲೆಯ ಬಿಸಿಯೂಟಕ್ಕೆ ಮೊದಲ ಸಲ ಮೊಟ್ಟೆ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಆಗ ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮತ್ತು ವಿಜಯಪುರಕ್ಕೆ ಮಾತ್ರ. ಕೊರೊನಾ ಕಾಲದಲ್ಲಿ ಶಾಲೆ ತಿಂಗಳುಗಟ್ಟಲೆ ಮುಚ್ಚಿತ್ತು. ಮರಳಿ ಬಂದ ಮಕ್ಕಳಲ್ಲಿ ಎಷ್ಟೋ ಜನರ ಮುಖ ಇಳಿದಿತ್ತು.

ಆ ತಿಂಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದರು: "ಸರ, ಈ ತತ್ತಿ ತಿಂದ್ರ ಹುಡುಗ್ರಿಗೆ ಖರೇನ ಉಪಯೋಗ ಆಗ್ತೈತೇನ್ರಿ?" ಆಗ್ತದೆ ಅಂತ ಹೇಳಿ ಕೂತೆ. ಆದರೆ ಹೇಗೆ ಗೊತ್ತು ಅಂತ ಅವರು ಮತ್ತೊಂದು ಪ್ರಶ್ನೆ ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ತೆಗೆದುಕೊಂಡೆ. ನಾಲ್ಕನೇ ತರಗತಿಯ ಮಕ್ಕಳನ್ನೇ ಆರಿಸಿಕೊಂಡೆ. ಏಳನೇ ತರಗತಿ ಮುಗಿಸುವ ತನಕ ಅವರು ನಮ್ಮ ಜೊತೆಗೇ ಇರುತ್ತಾರಲ್ವಾ?

ಮೊದಲು ಮಾಡಿದ್ದು ತೂಕ ಮತ್ತು ಎತ್ತರ. ಇದು ಸುಲಭ ಅಂದುಕೊಂಡಿದ್ದೆ. ನಮ್ಮ ಶಾಲೆಯ ನೆಲ ಕಲ್ಲುಹಾಸಿನದು. ತೂಕದ ಮಷೀನನ್ನು ಒಂದು ಕಲ್ಲಿನಿಂದ ಪಕ್ಕದ ಕಲ್ಲಿಗೆ ಸರಿಸಿದರೆ ತೂಕವೇ ಬದಲಾಗುತ್ತಿತ್ತು. ಆಮೇಲೆ ಒಂದು ಗಟ್ಟಿ ಹಲಗೆ ತಂದು ಹಾಕಿದೆ. ಹತ್ತು ಲೀಟರ್ ನೀರು ತುಂಬಿದ ಕ್ಯಾನ್ ಇಟ್ಟು ಪ್ರತಿಸಲ ಮಷೀನು ಪರೀಕ್ಷೆ ಮಾಡತೊಡಗಿದೆ. ನೀರು ಹತ್ತು ಕಿಲೋ, ಅದರ ಮೇಲೆ ಖಾಲಿ ಕ್ಯಾನಿನ ತೂಕ. ಅಷ್ಟು ತೋರಿಸದಿದ್ದರೆ ಆ ದಿನ ಅಳತೆ ಬೇಡ. ಮೊದಲ ದಿನ ಅರ್ಧ ತರಗತಿಯನ್ನು ಊಟಕ್ಕೆ ಮುಂಚೆ, ಉಳಿದರ್ಧವನ್ನು ಊಟ ಆದಮೇಲೆ ತೂಗಿದ್ದೆ. ಊಟ, ನೀರು ಎಲ್ಲ ಸೇರಿದರೆ ಅರ್ಧ ಕಿಲೋ ಹತ್ತಿರ ಹೋಗುತ್ತದೆ. ಮಗು ತಿಂಗಳುಗಟ್ಟಲೆ ಬೆಳೆದು ಗಳಿಸುವಷ್ಟು ತೂಕ ಅದು. ಆ ಪುಟ ಹರಿದು ಹಾಕಿ ಮತ್ತೆ ಎಲ್ಲರನ್ನೂ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ತೂಗಿದೆ. ಎತ್ತರವನ್ನು ಎರಡು ಸಲ ಅಳೆಯುತ್ತಿದ್ದೆ. ಎರಡರ ನಡುವೆ ಅರ್ಧ ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮೂರನೇ ಸಲ.

ಇನ್ನೊಂದು ತಪ್ಪು ನನಗೆ ಇಂದಿಗೂ ನೋಯುತ್ತದೆ. ಮೊದಲ ದಿನ ತೂಕವನ್ನು ಜೋರಾಗಿ ಕೂಗಿ ಹೇಳುತ್ತಿದ್ದೆ, ಒಬ್ಬ ಹುಡುಗ ಬರೆದುಕೊಳ್ಳುತ್ತಿದ್ದ. ತುಂಬಾ ಸಣಕಲು ಇದ್ದ ಒಬ್ಬಳನ್ನು ಉಳಿದವರು "ಕಡ್ಡಿ" ಅಂತ ಕರೆಯಲು ಶುರು ಮಾಡಿದರು. ಮರುದಿನ ಅವಳು ಶಾಲೆಗೆ ಬರಲಿಲ್ಲ. ನಾನು ಅವಳ ಮನೆಗೆ ಹೋಗಿ, ತಪ್ಪು ನನ್ನದು ಅಂತ ಅವಳ ಅವ್ವನಿಗೆ ಹೇಳಿ ಬಂದೆ. ಅಂದಿನಿಂದ ಒಬ್ಬೊಬ್ಬರನ್ನೇ ಕೋಣೆಯೊಳಗೆ ಕರೆಯುತ್ತೇನೆ. ಹೆಣ್ಣುಮಕ್ಕಳನ್ನು ಟೀಚರ್ ತೂಗುತ್ತಾರೆ. ಸಂಖ್ಯೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಆಮೇಲೆ ವಯಸ್ಸು. ಮಗುವಿನ ಎತ್ತರ, ತೂಕ ವಯಸ್ಸಿಗೆ ತಕ್ಕಂತೆ ಇದೆಯಾ ಅಂತ ನೋಡಲು ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ ಇದೆ. 5ರಿಂದ 19 ವರ್ಷದವರಿಗೆ. ಅದರಲ್ಲಿ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಹಾಕಬೇಕು. ನಮ್ಮ ದಾಖಲಾತಿ ರಿಜಿಸ್ಟರ್ ತೆಗೆದರೆ ಸಾಲಾಗಿ ಎಷ್ಟೋ ಮಕ್ಕಳು ಜೂನ್ 1ಕ್ಕೇ ಹುಟ್ಟಿದ್ದಾರೆ! ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖು ಅದು. ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಹೆರಿಗೆಯ ವಿವರ ಬರೆದಿಡುವ ತಾಯಿ ಕಾರ್ಡ್ ನೋಡಿದೆ. ಕಾರ್ಡ್ ಕಳೆದುಹೋದ ಮನೆಗಳಲ್ಲಿ ಯಾವ ಹಬ್ಬದ ಹಿಂದೆಮುಂದೆ ಹುಟ್ಟಿದ್ದು ಅಂತ ಕೇಳಿದೆ. ಎರಡು ವಾರ ಇದಕ್ಕೇ ಹೋಯಿತು. ಆದರೆ ಇದು ಮಾಡದೇ ಇದ್ದಿದ್ದರೆ ಉಳಿದ ಲೆಕ್ಕವೆಲ್ಲ ಸುಮ್ನೆ.

ಇಷ್ಟೆಲ್ಲ ಆದಮೇಲೆ ಜನವರಿಯಲ್ಲಿ ಒಂದು ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ಒಬ್ಬ ಹುಡುಗ ಮೊಟ್ಟೆ ತೆಗೆದುಕೊಂಡ, ಆಚೀಚೆ ನೋಡಿದ, ಬ್ಯಾಗಿನೊಳಗೆ ಇಟ್ಟ. ಯಾಕೋ ತಮ್ಮಾ ಅಂದೆ. "ಮನ್ಯಾಗ ತಂಗಿ ಅದಾಳ್ರಿ ಸರ" ಅಂದ.

ನಾನು ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಸುಮ್ಮನೆ ನೋಡತೊಡಗಿದೆ. ಅವನೊಬ್ಬನೇ ಅಲ್ಲ. ಕೆಲವರು ಹಳದಿ ಬಿಟ್ಟು ಬಿಳಿ ಮಾತ್ರ ತಿನ್ನುತ್ತಿದ್ದರು. ಕೆಲವರು ಗೆಳೆಯನಿಗೆ ಕೊಡುತ್ತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಎಲ್ಲರ ಹೆಸರಿನ ಮುಂದೆ ಸರಿ ಗುರುತು. ಮೊಟ್ಟೆಯ ಪರಿಣಾಮ ಅಳೆಯಲು ಹೊರಟಿದ್ದ ನಾನು, ಮೊಟ್ಟೆ ಹೊಟ್ಟೆಗೆ ಹೋಯಿತಾ ಅಂತಲೇ ನೋಡಿರಲಿಲ್ಲ. ಅಲ್ಲಿಂದ ನೋಟ್‌ಬುಕ್‌ನಲ್ಲಿ ಹೊಸ ಕಾಲಂಗಳು ಬಂದವು: ಪೂರ್ತಿ ತಿಂದ, ಅರ್ಧ ತಿಂದ, ಬ್ಯಾಗಿಗೆ. ವಾರದಲ್ಲಿ ಎರಡು ದಿನ, ಯಾವ ದಿನ ಅಂತ ಮೊದಲೇ ಹೇಳದೆ, ಬರೆಯುತ್ತಿದ್ದೆ.

ಪ್ರಾಥಮಿಕ ತರಗತಿಯ ಬಿಸಿಯೂಟದಲ್ಲಿ ಒಂದು ಮಗುವಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು ಅಂತ ನಿಯಮ. ಆರನೇ ತರಗತಿಯಿಂದ 700 ಕ್ಯಾಲರಿ, 20 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ನಾಲ್ಕನೇ ತರಗತಿಯ ಮಗುವಿಗೆ ಅದು ಊಟದ ಪ್ರೋಟೀನಿನ ಅರ್ಧದಷ್ಟು. ಬ್ಯಾಗಿಗೆ ಹೋದರೆ ಅಷ್ಟೂ ಇಲ್ಲ. ಬೇಳೆ ಕೂಡ ಹಾಗೇ. 20 ಗ್ರಾಂ ಬೇಳೆ ಲೆಕ್ಕ ಹಾಕಿಯೇ ಪಾತ್ರೆಗೆ ಬೀಳುತ್ತಿತ್ತು, ಆದರೆ ಬಡಿಸುವಾಗ ಬೇಳೆ ತಳದಲ್ಲೇ ಕೂತು, ಸಾಲಿನಲ್ಲಿ ಮೊದಲು ಬಂದವರಿಗೆ ಬರೀ ತಿಳಿ. ಸಣ್ಣ ಮಕ್ಕಳು ಮೊದಲು ಕೂರುತ್ತಿದ್ದರು. ಅಡುಗೆಯ ಅಕ್ಕನಿಗೆ ಹೇಳಿದೆ. ಅವರು ಬೇಸರ ಮಾಡಿಕೊಳ್ಳದೆ ಪ್ರತಿ ಸೌಟಿಗೂ ತಳದಿಂದ ತಿರುವಿ ಬಡಿಸಲು ಶುರು ಮಾಡಿದರು. ಮೊಟ್ಟೆಯನ್ನು ಸಿಪ್ಪೆ ಸುಲಿದು, ಎರಡು ಹೋಳು ಮಾಡಿ ಅನ್ನದ ಮೇಲೆ ಉಪ್ಪು ಉದುರಿಸಿ ಕೊಟ್ಟರು. ಸುಲಿದ ಮೊಟ್ಟೆಯನ್ನು ಬ್ಯಾಗಿನಲ್ಲಿ ಇಡಲು ಆಗುವುದಿಲ್ಲ. ಆ ಹುಡುಗನ ತಂಗಿಯನ್ನು ಅಂಗನವಾಡಿಗೆ ಸೇರಿಸಿರಲಿಲ್ಲ. ಅವಳನ್ನು ಸೇರಿಸಿದ ಮೇಲೆಯೇ ಅವನು ನೆಮ್ಮದಿಯಿಂದ ತಿಂದಿದ್ದು.

ಇನ್ನು ಹೋಲಿಕೆಯ ವಿಷಯ. ಇದು ಎಲ್ಲಕ್ಕಿಂತ ಕಷ್ಟದ್ದು. ಒಂಬತ್ತು ವರ್ಷದ ಮಗು ಹೆಚ್ಚಿಗೆ ಏನೂ ಕೊಡದಿದ್ದರೂ ಬೆಳೆಯುತ್ತದೆ. ವರ್ಷಕ್ಕೆ ಐದಾರು ಸೆಂಟಿಮೀಟರ್ ಸಾಮಾನ್ಯ. ಹೆಣ್ಣುಮಕ್ಕಳು ಆರು, ಏಳನೇ ತರಗತಿಗೆ ಬರುವ ಹೊತ್ತಿಗೆ ಒಮ್ಮೆಲೇ ಎತ್ತರ ಆಗುತ್ತಾರೆ. ಹಾಗಾಗಿ "ಮೊದಲು ಇಷ್ಟಿತ್ತು, ಈಗ ಇಷ್ಟಾಯಿತು" ಅಂತ ತೋರಿಸಿದರೆ ಅದು ಯಾವುದಕ್ಕೂ ಸಾಕ್ಷಿ ಅಲ್ಲ. ನಾನು ಮೊದಲು ಮೊಟ್ಟೆ ತಿನ್ನುವವರನ್ನು ಬಾಳೆಹಣ್ಣು ತಿನ್ನುವವರ ಜೊತೆ ಹೋಲಿಸಿದೆ. ಬಾಳೆಹಣ್ಣಿನವರೇ ಚೆನ್ನಾಗಿದ್ದರು! ಎರಡು ದಿನ ತಲೆ ಕೆಟ್ಟಿತ್ತು. ಆಮೇಲೆ ಹೊಳೆಯಿತು: ನಮ್ಮ ಊರಿನಲ್ಲಿ ಮೊಟ್ಟೆ ತಿನ್ನದ ಮನೆಗಳು ಹೊಲ, ಎಮ್ಮೆ ಇರುವ ಮನೆಗಳು. ಅವರ ಮಕ್ಕಳು ಮೊದಲಿನಿಂದಲೂ ಹಾಲು, ತುಪ್ಪ ತಿಂದು ಬೆಳೆದವರು. ನಾನು ಹೋಲಿಸಿದ್ದು ಮೊಟ್ಟೆಯನ್ನಲ್ಲ, ಮನೆಗಳನ್ನು.

ಗದಗ ಜಿಲ್ಲೆ ನಮಗೆ ಪಕ್ಕದ್ದೇ. ಅಲ್ಲಿಗೆ ಆ ವರ್ಷ ಮೊಟ್ಟೆ ಬಂದಿರಲಿಲ್ಲ. ಅಲ್ಲಿ ನನ್ನ ಗೆಳೆಯ ದೈಹಿಕ ಶಿಕ್ಷಕ. ಅವನ ನಾಲ್ಕನೇ ತರಗತಿಯನ್ನೂ ಅದೇ ಹಲಗೆ, ಅದೇ ಮಷೀನು ಒಯ್ದು ಅಳೆದೆವು. ಮಾರ್ಚ್‌ನಲ್ಲಿ ಮತ್ತೊಮ್ಮೆ. ಇದೇ ಯೋಚನೆಯನ್ನು ದೊಡ್ಡ ಮಟ್ಟದಲ್ಲಿ ಯಾದಗಿರಿ ಮತ್ತು ಗದಗದ ಮಕ್ಕಳನ್ನು ಹೋಲಿಸಿ ಸರ್ಕಾರಕ್ಕಾಗಿ ಮಾಡಿದ್ದಾರೆ ಅಂತ ಪತ್ರಿಕೆಯಲ್ಲಿ ಓದಿ ಆಮೇಲೆ ಖುಷಿಪಟ್ಟೆ. ನಮ್ಮ ಎರಡು ತರಗತಿಗಳಲ್ಲಿ ನಮ್ಮ ಮಕ್ಕಳ ತೂಕ ಸ್ವಲ್ಪ ಜಾಸ್ತಿ ಏರಿತ್ತು. ಆದರೆ ಅದು ಮೊಟ್ಟೆಯಿಂದಲೇ ಅಂತ ನಾನು ಹೇಳುವುದಿಲ್ಲ. ನಮ್ಮವರು ಶುರುವಿನಲ್ಲೇ ತೆಳ್ಳಗಿದ್ದರು. ಶಾಲೆ ತೆರೆದು ಬಿಸಿಯೂಟ ಮತ್ತೆ ಸಿಕ್ಕಿದ್ದೇ ಅವರಿಗೆ ದೊಡ್ಡದು. ಗೆಳೆಯನ ಊರಿಗೆ ಕಾಲುವೆ ನೀರಿದೆ, ನಮ್ಮದು ಮಳೆಯನ್ನೇ ನಂಬಿದ ಊರು.

ನನಗೆ ಹೆಚ್ಚು ನಂಬಿಕೆ ಬಂದಿದ್ದು ಬೇರೆ ದಾರಿಯಲ್ಲಿ. ಮಧ್ಯಪ್ರದೇಶದಲ್ಲಿ ಬಿಸಿಯೂಟದ ಅಧ್ಯಯನ ಮಾಡಿದವರು, ಶಾಲೆ ಇದ್ದ ದಿನ ಮತ್ತು ಇಲ್ಲದ ದಿನ ಮಕ್ಕಳು ಏನೇನು ತಿಂದರು ಅಂತ ಕೇಳಿ ಹೋಲಿಸಿದ್ದರು. ಶಾಲೆಯಲ್ಲಿ ಊಟ ಕೊಡುತ್ತಾರೆ ಅಂತ ಮನೆಯಲ್ಲಿ ಕಡಿಮೆ ಮಾಡಿರಲಿಲ್ಲ ಅಂತ ಅದರಿಂದ ತಿಳಿಯಿತು. ನಾನೂ ಹಾಗೇ ಮಾಡಿದೆ. ಸೋಮವಾರ ಬೆಳಿಗ್ಗೆ ಭಾನುವಾರದ ಊಟ ಕೇಳುತ್ತಿದ್ದೆ, ಗುರುವಾರ ಬುಧವಾರದ್ದು. ಒಂದೇ ಮಗು, ಒಂದೇ ಮನೆ, ಹಾಗಾಗಿ ಹೊಲ ಎಮ್ಮೆಯ ಗೊಂದಲ ಇಲ್ಲ. ಭಾನುವಾರ ಎಷ್ಟೋ ಮಕ್ಕಳಿಗೆ ಮಧ್ಯಾಹ್ನ ರೊಟ್ಟಿ, ಖಾರದಪುಡಿ, ಅಷ್ಟೇ. ತರಕಾರಿ, ಬೇಳೆ, ಮೊಟ್ಟೆ ಮೂರೂ ಒಟ್ಟಿಗೆ ಕಂಡಿದ್ದು ಶಾಲೆಯ ದಿನಗಳಲ್ಲಿ. ಆ ಪುಟಗಳನ್ನು ಓದಿದರೆ ಆ ತಂದೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಗುಳೆಯ ಬಗ್ಗೆ ಹೇಳಲೇಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಎಷ್ಟೋ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವಾ ಕಡೆ ದುಡಿಯಲು ಹೋಗುತ್ತವೆ. ಮಕ್ಕಳೂ ಜೊತೆಗೆ. ಮಾರ್ಚ್‌ನಲ್ಲಿ ಅಳೆದರೆ ತರಗತಿಯ ಸರಾಸರಿ ತೂಕ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಅತಿ ಬಡ ಮನೆಯ ಮಕ್ಕಳು ಆ ದಿನ ಅಲ್ಲಿ ಇಲ್ಲ. ಅದಕ್ಕೆ ನಾನು ತರಗತಿಯ ಸರಾಸರಿ ತೆಗೆಯುವುದನ್ನೇ ಬಿಟ್ಟೆ. ಒಂದೊಂದು ಮಗುವಿನ ಹೆಸರಿಗೆ ಒಂದು ಗೆರೆ. ಜುಲೈಯಲ್ಲಿ ಅವರು ವಾಪಸ್ ಬಂದಾಗ ಮೊದಲು ಅವರನ್ನೇ ಅಳೆಯುತ್ತೇನೆ. ಕೆಲವರ ಗೆರೆ ಗುಳೆ ಹೋದ ತಿಂಗಳುಗಳಲ್ಲಿ ಮೇಲೇರುವುದೇ ಇಲ್ಲ. ಶಾಲೆಗೆ ಬಂದ ತಿಂಗಳುಗಳಲ್ಲಿ ಏರುತ್ತದೆ.

ಇನ್ನು ನನ್ನ ಸ್ವಂತ ಕೆಲಸ, ಆಟ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಹಾಗೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟದಲ್ಲಿ ಕಲಿತದ್ದನ್ನು ಇಲ್ಲೂ ನೋಡೋಣ ಅಂತ ಒಂದು ದಿನ ಆಟದ ಪಿರಿಯಡ್‌ನಲ್ಲಿ ಟೀಚರ್ ಒಬ್ಬರನ್ನು ಕೂರಿಸಿದೆ. ಐದು ಹೆಣ್ಣುಮಕ್ಕಳು, ಐದು ಗಂಡುಮಕ್ಕಳ ಹೆಸರು ಕೊಟ್ಟೆ. ಪ್ರತಿ ನಿಮಿಷಕ್ಕೊಮ್ಮೆ ಒಬ್ಬೊಬ್ಬರನ್ನೂ ನೋಡಿ ಕೂತಿದ್ದಾರಾ, ನಿಂತಿದ್ದಾರಾ, ನಡೆಯುತ್ತಿದ್ದಾರಾ, ಓಡುತ್ತಿದ್ದಾರಾ ಅಂತ ಬರೆಯಬೇಕು. ಆ ಹಾಳೆ ನೋಡಿ ನನಗೆ ಮಾತೇ ಹೊರಡಲಿಲ್ಲ. ಖೋ-ಖೋದಲ್ಲಿ ಹೆಚ್ಚಿನವರು ಕೂತೇ ಇದ್ದರು. ಕ್ರಿಕೆಟ್‌ನಲ್ಲಿ ಹುಡುಗಿಯರು ಗೆರೆಯ ಆಚೆ ನಿಂತಿದ್ದರು. ಇಡೀ ಪಿರಿಯಡ್‌ನಲ್ಲಿ ಒಬ್ಬಳು ಓಡಿದ್ದೇ ಇಲ್ಲ. ವೇಳಾಪಟ್ಟಿಯಲ್ಲಿ ಮಾತ್ರ ಅವಳಿಗೂ ಆಟ ಆಗಿತ್ತು. ಪರೀಕ್ಷೆ ಹತ್ತಿರ ಬಂದಾಗ ಆ ಪಿರಿಯಡ್ ಗಣಿತಕ್ಕೆ ಹೋಗುತ್ತಿದ್ದುದನ್ನೂ ಬರೆದಿಟ್ಟೆ.

ಆಟ ಬದಲಾಯಿಸಿದೆ. ಮೈದಾನವನ್ನು ನಾಲ್ಕು ಭಾಗ ಮಾಡಿ ಲಗೋರಿ, ಕುಂಟಾಟ, ಹಗ್ಗದಾಟ, ಸಣ್ಣ ತಂಡದ ರಿಲೇ. ಯಾರೂ ಔಟ್ ಆಗಿ ಹೊರಗೆ ಕೂರುವುದಿಲ್ಲ. ಖೋ-ಖೋ ಬಿಡಲಿಲ್ಲ, ಎರಡು ಸಣ್ಣ ಅಂಕಣ ಮಾಡಿದೆ. ಪರಿಣಾಮ ನೋಡಲು ಖೇಲೋ ಇಂಡಿಯಾದ ಶಾಲಾ ಪರೀಕ್ಷೆಗಳಲ್ಲಿರುವ 600 ಮೀಟರ್ ಓಟವನ್ನೇ ಇಟ್ಟುಕೊಂಡೆ. ಡಿಸೆಂಬರ್‌ನ ಓಟವನ್ನು ಮುಂದಿನ ಡಿಸೆಂಬರ್‌ನ ಜೊತೆ ಮಾತ್ರ ಹೋಲಿಸಬೇಕು. ನಮ್ಮ ಮಾರ್ಚ್ ಬಿಸಿಲಿನಲ್ಲಿ ಯಾವ ಮಗುವೂ ವೇಗವಾಗಿ ಓಡುವುದಿಲ್ಲ. ಹುಡುಗಿಯರಲ್ಲಿ ಪೂರ್ತಿ ಓಡಿ ಮುಗಿಸಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು. ವಯಸ್ಸಿನ ಪಾಲೂ ಇದೆ, ಗೊತ್ತು. ಆದರೆ ಮೊದಲ ವರ್ಷ ನಡುವೆಯೇ ನಿಂತವರು ನಿಲ್ಲದೆ ಮುಗಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈ ನಡುವೆ ಯೋಜನೆಗಳೂ ಬದಲಾದವು. ಮೊಟ್ಟೆಯ ದಿನಗಳು ಏರಿಳಿದವು. 2024ರ ಫೆಬ್ರವರಿಯಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು. ಅದೇ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ನಡುವೆ ಜಂತುಹುಳು ಮಾತ್ರೆ, ವಾರದ ಕಬ್ಬಿಣಾಂಶದ ಗುಳಿಗೆ. ಇವುಗಳಲ್ಲಿ ಯಾವುದರಿಂದ ಎಷ್ಟು ಆಯಿತು ಅಂತ ಒಂದು ಶಾಲೆಯ ನೋಟ್‌ಬುಕ್ ಬಿಡಿಸಿ ಹೇಳಲಾರದು. ಹಾಗಾಗಿ ಪ್ರತಿ ಬದಲಾವಣೆ ಶುರುವಾದ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಮುಂದೆ ನೋಡುವವರಿಗೆ ಬೇಕಾಗುತ್ತದೆ ಅಂತ.

ಆ ಮಕ್ಕಳು 2025ರಲ್ಲಿ ಏಳನೇ ತರಗತಿ ಮುಗಿಸಿ ಹೈಸ್ಕೂಲಿಗೆ ಹೋದರು. ತಂದೆತಾಯಿಯರ ಒಪ್ಪಿಗೆ ಕೇಳಿ, ನೋಟ್‌ಬುಕ್‌ನ ಒಂದು ಪ್ರತಿಯನ್ನು ಅಲ್ಲಿನ ದೈಹಿಕ ಶಿಕ್ಷಕಿಗೆ ಕೊಟ್ಟೆ. ಹಲಗೆ, ನೀರಿನ ಕ್ಯಾನ್ ಕೂಡ. ಜುಲೈಯಲ್ಲಿ ಅವರು ಫೋನ್ ಮಾಡಿದರು: "ಸರ್, ಎಲ್ಲರದ್ದೂ ಆಯ್ತು. ಇಬ್ಬರು ಇನ್ನೂ ಗುಳೆಯಿಂದ ಬಂದಿಲ್ಲ, ಅವರ ಸಾಲು ಖಾಲಿ ಬಿಟ್ಟಿದ್ದೀನಿ."